ಸೈಕಲ್ಲಲ್ಲಿ ಅಬ್ಬಿ ಜಲಪಾತ: ಮಡಿಕೇರಿಯಿಂದ ಮನೆಮಂದಿಯೆಲ್ಲ ಹೋಗಿ ಬರಲು ಒಂದು ಸಮಗ್ರ ಮಾರ್ಗದರ್ಶಿ

ಮಡಿಕೇರಿಯಿಂದ ಅಬ್ಬಿ ಜಲಪಾತಕ್ಕೆ ಸುಮಾರು 8 ಕಿಲೋಮೀಟರ್. ಬಯಲುಸೀಮೆಯವರಿಗೆ ಇದೇನು ದೂರ ಅನ್ನಿಸಬಹುದು. ಮಂಡ್ಯದ ಕಡೆ ಎಷ್ಟೋ ಹುಡುಗರು ಇಷ್ಟು ದೂರ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ. ಆದರೆ ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಗುಡ್ಡದ ಮೇಲೆ. ಜಲಪಾತ ಇರುವುದು ಕೆಳಗೆ, ಕಾಫಿ ತೋಟದ ನಡುವಿನ ಕಣಿವೆಯಲ್ಲಿ. ಹೋಗುವಾಗ ಹೆಚ್ಚಿನ ದಾರಿ ಇಳಿಜಾರು, ಬರುವಾಗ ಅದೆಲ್ಲ ಏರು.

ಬೆಟ್ಟ ಹತ್ತುವಾಗ ಮೈಯಲ್ಲಿ ಶಕ್ತಿ ಇರುತ್ತದೆ, ಸುಸ್ತಾದ ಮೇಲೆ ಇಳಿದು ಬರುತ್ತೇವೆ. ಇಲ್ಲಿ ಅದು ಉಲ್ಟಾ. ಕುಣಿದಾಡಿ, ಮೆಟ್ಟಿಲು ಇಳಿದು ಹತ್ತಿ, ಹೊಟ್ಟೆ ಹಸಿದ ಮೇಲೆ ಏರು ಶುರುವಾಗುತ್ತದೆ. ಅದಕ್ಕೇ ಈ ದಿನದ ಪ್ಲಾನನ್ನು ವಾಪಸ್ ಬರುವ ದಾರಿಯಿಂದ ಶುರು ಮಾಡಬೇಕು. ಎಷ್ಟು ಹೊತ್ತಿಗೆ ಮಡಿಕೇರಿಗೆ ವಾಪಸ್ ಬರಬೇಕು ಅಂತ ಮೊದಲು ತೀರ್ಮಾನ ಮಾಡಿ. ಹೊರಡುವ ಹೊತ್ತು ತಾನಾಗಿಯೇ ಗೊತ್ತಾಗುತ್ತದೆ.

ಯಾವ ತಿಂಗಳು, ಯಾವ ದಿನ

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆಗಾಲ ಮುಗಿದಿರುತ್ತದೆ, ಜಲಪಾತದಲ್ಲಿ ನೀರು ಇನ್ನೂ ಚೆನ್ನಾಗಿರುತ್ತದೆ, ಬಿಸಿಲೂ ಹಿತ. ಈ ತಿಂಗಳುಗಳಲ್ಲಿ ಅರೇಬಿಕಾ ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ದಾರಿಯ ಪಕ್ಕದ ಗಿಡಗಳಲ್ಲಿ ಕೆಂಪು ಹಣ್ಣು ತುಂಬಿರುವುದನ್ನು ಮಕ್ಕಳು ಸೈಕಲ್ ಮೇಲಿಂದಲೇ ನೋಡಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಬ್ಬಿ ಭೋರ್ಗರೆಯುತ್ತದೆ ನಿಜ. ಆದರೆ ಆಗ ಮಕ್ಕಳ ಜೊತೆ ಸೈಕಲ್ಲಲ್ಲಿ ಹೋಗುವುದು ಬೇಡ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ಈ ನಾಲ್ಕು ತಿಂಗಳಲ್ಲೇ. ರಸ್ತೆ ಬದಿಗೆ ಪಾಚಿ ಕಟ್ಟಿರುತ್ತದೆ, ಮಂಜಿನಲ್ಲಿ ಎದುರಿನ ವಾಹನ ಕಾಣುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದು ರಸ್ತೆ, ಮನೆ, ತೋಟ ಕೊಚ್ಚಿಹೋದದ್ದು ಇಲ್ಲಿ ಯಾರೂ ಮರೆತಿಲ್ಲ. ಮಳೆಗಾಲದ ಅಬ್ಬಿ ನೋಡಲೇಬೇಕು ಅಂದರೆ ಕಾರಲ್ಲೋ ಬಸ್ಸಲ್ಲೋ ಹೋಗಿ. ಮಾರ್ಚ್, ಏಪ್ರಿಲ್ ಹೊತ್ತಿಗೆ ನೀರು ಸಣ್ಣಗಾಗಿರುತ್ತದೆ. ಆದರೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ ಕಾಫಿ ಹೂವಿನ ಪರಿಮಳ ದಾರಿ ತುಂಬ ಇರುತ್ತದೆ. ನೀರಿಗಿಂತ ದಾರಿ ಮುಖ್ಯ ಅನ್ನುವವರು ಆಗ ಬರಬಹುದು.

ತಿಂಗಳಿಗಿಂತ ವಾರದ ದಿನ ಮುಖ್ಯ. ಶನಿವಾರ, ಭಾನುವಾರ, ದಸರಾ, ಕ್ರಿಸ್‌ಮಸ್ ರಜೆ ಬೇಡವೇ ಬೇಡ. ರಸ್ತೆ ಕಿರಿದು, ತಿರುವು ಜಾಸ್ತಿ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋಗುವ ಜೀಪುಗಳೂ ಇದೇ ರಸ್ತೆಯಲ್ಲಿ ಬಂದು ಮುಂದೆ ಕವಲೊಡೆಯುತ್ತವೆ. ಸೂರ್ಯೋದಯ ನೋಡುವವರನ್ನು ಹೊತ್ತ ಜೀಪುಗಳು ನಸುಕಿನಲ್ಲೇ ಹೋಗುತ್ತವೆ, ಬಿಸಿಲೇರುವ ಹೊತ್ತಿಗೆ ವಾಪಸ್ ಬರುತ್ತವೆ. ಆಮೇಲೆ ಪ್ರವಾಸಿಗರ ಕಾರು, ಟ್ಯಾಕ್ಸಿ ಶುರು. ಹಾಗಾಗಿ ಮಂಗಳವಾರ, ಬುಧವಾರದಂಥ ದಿನ, ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ಹೊರಟರೆ ಸರಿ. ಅದಕ್ಕಿಂತ ಮುಂಚೆ ಹೊರಟರೆ ಕತ್ತಲೆ, ಮಂಜು, ಜೀಪು ಮೂರೂ ಒಟ್ಟಿಗೆ ಸಿಗುತ್ತವೆ.

ಯಾರು ತುಳಿಯಬಹುದು, ಯಾರು ಬೇಡ

ವಯಸ್ಸಿಗಿಂತ ಮೂರು ವಿಷಯ ನೋಡಿ. ಮಗುವಿಗೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ಅಲ್ಲಾಡದೆ ನಿಲ್ಲಿಸಲು ಬರುತ್ತದಾ? ಒಂದೇ ಗೆರೆಯಲ್ಲಿ ಎಡಬದಿಗೆ ಹೋಗಲು ಬರುತ್ತದಾ? "ನಿಲ್ಲು" ಅಂದ ಕೂಡಲೇ ನಿಲ್ಲುತ್ತದಾ? ಮೂರಕ್ಕೂ ಹೌದು ಅಂದರೆ ಹತ್ತು ವರ್ಷದ ಮೇಲಿನ ಮಕ್ಕಳು ಈ ದಾರಿ ಮಾಡುತ್ತಾರೆ. ಮೂರನೆಯದಕ್ಕೆ ಉತ್ತರ ಇಲ್ಲ ಅಂದರೆ ಹದಿನೈದು ವರ್ಷವಾಗಿದ್ದರೂ ಬೇಡ.

ಇನ್ನೂ ಚಿಕ್ಕವರನ್ನು ಹಿಂದಿನ ಮಕ್ಕಳ ಸೀಟಿನಲ್ಲಿ ಕೂರಿಸಬಹುದು. ಇಂಥ ಸೀಟುಗಳು ಸಾಮಾನ್ಯವಾಗಿ 22 ಕಿಲೋವರೆಗಿನ ಮಕ್ಕಳಿಗೆ ಮಾಡಿರುತ್ತವೆ. ನಿಮ್ಮ ಸೀಟಿನ ಮೇಲೆ ಬರೆದಿರುವುದನ್ನು ಓದಿಕೊಳ್ಳಿ. ಮಗು ಹೊತ್ತ ಸೈಕಲ್ಲಿಗೆ ಗೇರ್ ಇರಲೇಬೇಕು, ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು. ಬರೀ ಕ್ಯಾರಿಯರ್ ಮೇಲೆ ದಿಂಬು ಹಾಕಿ ಕೂರಿಸುವುದು ಊರೊಳಗೆ ನಡೆಯುತ್ತದೆ, ಈ ಇಳಿಜಾರಿನಲ್ಲಿ ನಡೆಯುವುದಿಲ್ಲ.

ಅಜ್ಜ, ಅಜ್ಜಿ, ಮೊಣಕಾಲು ನೋವಿರುವವರು ಬಂದಿದ್ದಾರೆ ಅಂದರೆ ಅವರು ಆಟೋದಲ್ಲಿ ನೇರವಾಗಿ ಜಲಪಾತಕ್ಕೆ ಬರಲಿ. ಊಟದ ಬ್ಯಾಗನ್ನೂ ಅವರ ಜೊತೆಗೇ ಕಳಿಸಿದರೆ ತುಳಿಯುವವರ ಬೆನ್ನು ಹಗುರ.

ಸೈಕಲ್ ತಯಾರಿ

ಇದಕ್ಕೆ ಒಂದು ವಾರ ಮೊದಲೇ ಕೈ ಹಾಕಿ. ಹಿಂದಿನ ದಿನ ಸಂಜೆ ಶುರು ಮಾಡಿದರೆ ಏನಾದರೂ ಕೆಟ್ಟಿರುವುದು ಗೊತ್ತಾಗುತ್ತದೆ, ಸರಿ ಮಾಡಿಸಲು ಅಂಗಡಿ ತೆರೆದಿರುವುದಿಲ್ಲ.

ಮೊದಲು ಬ್ರೇಕ್. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ, ಚಕ್ರ ತಿರುಗಿಸಿ, ಬ್ರೇಕ್ ಶೂ ಎರಡೂ ಬದಿ ರಿಮ್ಮಿಗೆ ಸಮನಾಗಿ ತಾಗುತ್ತದಾ ನೋಡಿ. ರಬ್ಬರಿನ ಮೇಲೆ ಗೆರೆಗಳಿರುತ್ತವೆ. ಆ ಗೆರೆ ಸವೆದು ಹೋಗಿದ್ದರೆ ಶೂ ಬದಲಾಯಿಸಿ, ದೊಡ್ಡ ಖರ್ಚೇನಲ್ಲ. ರಬ್ಬರಿನಲ್ಲಿ ಸಣ್ಣ ಕಲ್ಲು, ಲೋಹದ ಚೂರು ಸಿಕ್ಕಿಕೊಂಡಿದ್ದರೆ ಪಿನ್ನಿನಿಂದ ತೆಗೆಯಿರಿ. ಕೇಬಲ್ಲಿನ ಎಳೆ ಬಿಟ್ಟುಕೊಂಡಿದ್ದರೆ ಅದನ್ನೂ ಬದಲಾಯಿಸಿ.

ಮಕ್ಕಳ ಸೈಕಲ್ಲಿನಲ್ಲಿ ಇನ್ನೊಂದು ಕೆಲಸವಿದೆ. ತುಂಬಾ ಜನ ಇದನ್ನು ನೋಡುವುದೇ ಇಲ್ಲ. ಬ್ರೇಕ್ ಲಿವರ್ ಹ್ಯಾಂಡಲ್ಲಿನಿಂದ ದೂರ ಇದ್ದರೆ ಮಗುವಿನ ಬೆರಳ ತುದಿ ಮಾತ್ರ ಅದಕ್ಕೆ ತಾಗುತ್ತದೆ. ತುದಿಬೆರಳಿಂದ ಎಳೆದರೆ ಬಲ ಸಾಲದು. ಎಷ್ಟೋ ಲಿವರ್‌ಗಳ ಒಳಬದಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸುತ್ತಾ ಹೋದರೆ ಲಿವರ್ ಹತ್ತಿರ ಬರುತ್ತದೆ. ಬೆರಳಿನ ನಡುವಿನ ಗೆಣ್ಣು ಲಿವರ್ ಮೇಲೆ ಕೂರುವಷ್ಟು ಹತ್ತಿರ ತಂದು, ಆಮೇಲೆ ಕೇಬಲ್ ಸಡಿಲವಾಗಿದೆಯಾ ಅಂತ ಮತ್ತೊಮ್ಮೆ ನೋಡಿ.

ಟೈರಿಗೆ ಎಷ್ಟು ಗಾಳಿ ಅಂತ ಅದರ ಬದಿಯಲ್ಲೇ ಅಚ್ಚಾಗಿರುತ್ತದೆ, ಇಂತಿಷ್ಟರಿಂದ ಇಂತಿಷ್ಟು ಪಿಎಸ್‌ಐ ಅಂತ. ಪೂರ್ತಿ ಮೇಲಿನ ಅಂಕಿಗೆ ಹೊಡೆಸಬೇಡಿ, ಸ್ವಲ್ಪ ಕೆಳಗಿರಲಿ. ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುತ್ತದೆ, ಗುಂಡಿ ಬಿದ್ದ ಕಡೆ ಕೈಗೂ ಆರಾಮ.

ಗೇರ್ ಇಲ್ಲದ ಸೈಕಲ್ಲಲ್ಲಿ ಹೋಗಬಹುದಾ? ಹೋಗಬಹುದು, ಬರುವುದು ಕಷ್ಟ. ವಾಪಸ್ ಬರುವಾಗ ಹೆಚ್ಚು ದೂರ ತಳ್ಳಿಕೊಂಡೇ ನಡೆಯಬೇಕು. ಅದಕ್ಕೆ ಎಲ್ಲರೂ ಒಪ್ಪಿದ್ದರೆ ಸರಿ. ಇಲ್ಲದಿದ್ದರೆ ಬರುವಾಗ ಗೂಡ್ಸ್ ಆಟೋ ಅಥವಾ ಪಿಕಪ್ ಮಾಡಿಕೊಳ್ಳಿ. ಸೈಕಲ್ಲೆಲ್ಲ ಅದರಲ್ಲಿ, ನೀವು ಇನ್ನೊಂದು ಆಟೋದಲ್ಲಿ. ಬಾಡಿಗೆಯನ್ನು ಮಡಿಕೇರಿಯಲ್ಲಿ ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಿ. ಮೊದಲ ಸಲ ಚಿಕ್ಕ ಮಕ್ಕಳ ಜೊತೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಇಳಿದು ಹೋಗಿ, ಗಾಡಿಯಲ್ಲಿ ಹತ್ತಿ ಬನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಹೆಲ್ಮೆಟ್ ಎಲ್ಲರಿಗೂ ಬೇಕು, ಅಪ್ಪನಿಗೂ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಣೆ ಪೂರ್ತಿ ಬಿಟ್ಟು ಹಿಂದಕ್ಕೆ ಜಾರಿರಬಾರದು. ಪಟ್ಟಿ ಹಾಕಿದ ಮೇಲೆ ಗದ್ದದ ಕೆಳಗೆ ಒಂದು ಬೆರಳು ತೂರುವಷ್ಟು ಮಾತ್ರ ಜಾಗ. ಬೈಕಿನ ಹೆಲ್ಮೆಟ್ ಮಕ್ಕಳಿಗೆ ಹಾಕಬೇಡಿ, ಭಾರಕ್ಕೆ ಕತ್ತು ನೋಯುತ್ತದೆ.

ಬ್ಯಾಗಿನಲ್ಲಿ ಏನಿರಬೇಕು

ಪಂಪು, ಸೈಕಲ್ಲಿನ ಅಳತೆಗೆ ಸರಿಯಾದ ಒಂದೊಂದು ಟ್ಯೂಬು, ಟೈರ್ ಲಿವರ್, ಪಂಕ್ಚರ್ ಪ್ಯಾಚು, ಅಲೆನ್ ಕೀ. ದೊಡ್ಡವರ ಮತ್ತು ಮಕ್ಕಳ ಸೈಕಲ್ಲಿನ ಟ್ಯೂಬು ಬೇರೆ ಬೇರೆ, ಇದನ್ನು ಮರೆಯಬೇಡಿ. ಒಂದು ಹಳೆ ಬಟ್ಟೆ. ಬ್ಯಾಂಡೇಜು, ಡೆಟಾಲ್, ಓಆರ್‌ಎಸ್ ಪುಡಿ. ಎಲ್ಲರಿಗೂ ಒಂದೊಂದು ತೆಳು ಮಳೆಕೋಟು, ಏಕೆಂದರೆ ಮಡಿಕೇರಿ ಆಕಾಶವನ್ನು ಡಿಸೆಂಬರಿನಲ್ಲೂ ಪೂರ್ತಿ ನಂಬುವ ಹಾಗಿಲ್ಲ. ಹಿಂದಿನ ಸೈಕಲ್ಲಿಗೆ ಕೆಂಪು ದೀಪ, ಮುಂದಿನದಕ್ಕೆ ಬಿಳಿ ದೀಪ. ಬೆಳಗಿನ ಮಂಜಿಗೆ ಇವು ಬೇಕೇ ಬೇಕು.

ಉಪ್ಪಿನ ಸಣ್ಣ ಪೊಟ್ಟಣ ಇರಲಿ, ಜಿಗಣೆಗೆ. ಅಕ್ಟೋಬರಿನಲ್ಲಿ ತೋಟದ ಅಂಚಿನ ಹುಲ್ಲಿನಲ್ಲಿ ಇನ್ನೂ ಇರುತ್ತವೆ. ಹಿಡಿದುಕೊಂಡರೆ ಕಿತ್ತು ಎಳೆಯಬೇಡಿ. ಬಾಯಿ ಕಚ್ಚಿದ ಕಡೆ ಉಗುರನ್ನು ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ತಳ್ಳಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಹೆದರುವಂಥದ್ದೇನಿಲ್ಲ. ಉಪ್ಪನ್ನು ಬೂಟಿನ ಮೇಲೆ, ಕಾಲುಚೀಲದ ಮೇಲೆ ಉಜ್ಜಿಕೊಳ್ಳಿ.

ತಿನ್ನಲು ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ) ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ತಣ್ಣಗಾದರೂ ತಿನ್ನಬಹುದು, ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಹಚ್ಚಿ ಸುರುಳಿ ಸುತ್ತಿದರೆ ಒಂದೇ ಕೈಯಲ್ಲಿ ಹಿಡಿದು ತಿನ್ನಬಹುದು. ಜೊತೆಗೆ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ. ಕಿತ್ತಳೆಯ ಕಾಲದಲ್ಲಿ ಕೊಡಗಿನ ಕಿತ್ತಳೆ ಸಿಕ್ಕಿದರೆ ಬಿಡಬೇಡಿ. ಸಿಪ್ಪೆ ಸಡಿಲ, ಮಕ್ಕಳೇ ಸುಲಿದುಕೊಳ್ಳುತ್ತಾರೆ, ಸಿಹಿಯ ಹಿಂದೆ ಸ್ವಲ್ಪ ಹುಳಿ. ನೀರು ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರ್ ಲೆಕ್ಕ ಹಾಕಿ. ವಾಪಸ್ ಏರಿಗೆ ಅಂತ ಒಂದು ಬಾಟಲಿ ಬೇರೆಯೇ ಇಟ್ಟುಬಿಡಿ, ಅದನ್ನು ಜಲಪಾತದ ಹತ್ತಿರ ಯಾರೂ ಮುಟ್ಟಬಾರದು.

ಸೈಕಲ್ಲನ್ನು ಮಡಿಕೇರಿಗೆ ತರುವುದು

ಕೊಡಗಿಗೆ ರೈಲು ಇಲ್ಲ. ಮೈಸೂರು ಕಡೆಯಿಂದ ಬರುವವರು ಸೈಕಲ್ಲನ್ನು ಕಾರಿಗೇ ಕಟ್ಟಿಕೊಂಡು ಬರಬೇಕು. ಹಿಂದೆ ರ‍್ಯಾಕ್ ಹಾಕಿದರೆ ನಂಬರ್ ಪ್ಲೇಟು, ಬ್ರೇಕ್ ಲೈಟು ಮುಚ್ಚದಂತೆ ನೋಡಿಕೊಳ್ಳಿ. ಮೇಲೆ ಕಟ್ಟಿದರೆ ತೋಟದ ದಾರಿಗಳಲ್ಲಿ ಮರದ ಕೊಂಬೆ ತಗ್ಗಿರುತ್ತದೆ ಅನ್ನುವುದು ನೆನಪಿರಲಿ. ಹಿಂದಿನ ದಿನ ಬಂದು ಮಡಿಕೇರಿಯಲ್ಲೇ ಉಳಿಯುವುದು ಸುಖ. ಬೆಳಿಗ್ಗೆ ಮೈಸೂರಿಂದ ಹೊರಟು ಅದೇ ದಿನ ತುಳಿಯುತ್ತೇವೆ ಅಂದರೆ ಇಳಿಯುವ ಹೊತ್ತಿಗೇ ಹನ್ನೊಂದಾಗುತ್ತದೆ, ಆಗ ರಸ್ತೆ ತುಂಬ ಟ್ಯಾಕ್ಸಿ.

ಹೊರಡುವುದು, ಗದ್ದಿಗೆಯಲ್ಲಿ ನಿಲ್ಲುವುದು

ತಿಂಡಿ ಹಿತಮಿತವಾಗಿರಲಿ. ಹೊರಡುವ ಮೊದಲು ಪ್ರತಿ ಸೈಕಲ್ಲನ್ನೂ ಹತ್ತು ಹೆಜ್ಜೆ ತಳ್ಳಿ, ಮುಂದಿನ ಬ್ರೇಕ್ ಒಮ್ಮೆ, ಹಿಂದಿನ ಬ್ರೇಕ್ ಒಮ್ಮೆ ಹಿಡಿದು ನೋಡಿ. ಚಕ್ರದ ನಟ್ಟು ಅಥವಾ ಕ್ವಿಕ್ ರಿಲೀಸ್ (ಕೈಯಲ್ಲೇ ಬಿಗಿ ಮಾಡುವ ಲಿವರ್) ಬಿಗಿಯಾಗಿದೆಯಾ ನೋಡಿ. ಕಾರಿಗೆ ಕಟ್ಟಲು ಚಕ್ರ ಬಿಚ್ಚಿದ್ದರೆ ಇದನ್ನು ಎರಡು ಸಲ ನೋಡಿ.

ಅಬ್ಬಿ ರಸ್ತೆಯಲ್ಲಿ ಊರು ದಾಟುವ ಮೊದಲೇ ಮಹದೇವಪೇಟೆ ಕಡೆ ಗದ್ದಿಗೆ ಸಿಗುತ್ತದೆ. ಇಲ್ಲಿ ನಿಲ್ಲಲೇಬೇಕು. ಕೊಡಗನ್ನು ಆಳಿದ ಹಾಲೇರಿ ಅರಸರಾದ ದೊಡ್ಡವೀರರಾಜೇಂದ್ರ ಮತ್ತು ಲಿಂಗರಾಜೇಂದ್ರರ ಸಮಾಧಿಗಳು. ಲಿಂಗರಾಜೇಂದ್ರರ ಗದ್ದಿಗೆಯನ್ನು ಅವರ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಮೇಲೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ನೋಡಿದರೆ ಮುಸ್ಲಿಂ ಅರಸರ ಕಟ್ಟಡ ಅನ್ನಿಸುತ್ತದೆ. ಹತ್ತಿರ ಹೋದರೆ ನಂದಿ ಕೂತಿರುತ್ತಾನೆ. ಎಷ್ಟು ನಂದಿ ಇವೆ ಎಣಿಸಿಕೊಂಡು ಬಾ ಅಂತ ಮಕ್ಕಳನ್ನು ಓಡಿಸಿ. ಅಷ್ಟರಲ್ಲಿ ನೀವು ಎಲ್ಲರ ಬ್ರೇಕ್ ಇನ್ನೊಮ್ಮೆ ನೋಡಿಕೊಳ್ಳಬಹುದು. ಊರೊಳಗಿನ ಸಣ್ಣ ಇಳಿಜಾರಿನಲ್ಲೇ ಯಾವ ಸೈಕಲ್ ಸರಿ ನಿಲ್ಲುವುದಿಲ್ಲ ಅನ್ನುವುದು ಗೊತ್ತಾಗಿರುತ್ತದೆ. ಇಲ್ಲಿಂದ ವಾಪಸ್ ಹೋಗುವುದು ಸುಲಭ, ಮುಂದೆ ಹೋದ ಮೇಲೆ ಅಲ್ಲ.

ಇಳಿಜಾರು ಇಳಿಯುವ ಕ್ರಮ

ದೊಡ್ಡವರೊಬ್ಬರು ಮುಂದೆ, ಮಕ್ಕಳು ನಡುವೆ, ಇನ್ನೊಬ್ಬರು ಕೊನೆಯಲ್ಲಿ. ಮುಂದೆ ಇರುವವರನ್ನು ಯಾರೂ ದಾಟುವ ಹಾಗಿಲ್ಲ. ಒಂದು ಸೈಕಲ್ಲಿಗೂ ಇನ್ನೊಂದಕ್ಕೂ ನಡುವೆ ಕಾರೊಂದು ನಿಲ್ಲುವಷ್ಟು ಜಾಗ ಬಿಡಿ. ಈ ನಿಯಮ ಇಲ್ಲದಿದ್ದರೆ ಅಣ್ಣ ತಂಗಿ ರೇಸ್ ಶುರು ಮಾಡುತ್ತಾರೆ, ಇದು ಎಲ್ಲ ಮನೆಯಲ್ಲೂ ಆಗುವಂಥದ್ದೇ.

ಬ್ರೇಕನ್ನು ಹಿಡಿದೇ ಇಳಿಯಬೇಡಿ. ಒಂದೇ ಸಮನೆ ಹಿಡಿದಿದ್ದರೆ ರಿಮ್ಮು ಕಾಯುತ್ತದೆ, ಡಿಸ್ಕ್ ಆದರೆ ಸುಟ್ಟ ವಾಸನೆ ಬಂದು ಹಿಡಿತ ಕಡಿಮೆಯಾಗುತ್ತದೆ. ಹಿಡಿದು ವೇಗ ತಗ್ಗಿಸಿ, ಬಿಡಿ, ಮತ್ತೆ ಹಿಡಿಯಿರಿ. ಎರಡೂ ಬ್ರೇಕ್ ಒಟ್ಟಿಗೆ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಅಂತ ಮಕ್ಕಳು ಹೆದರಿ ಹಿಂದಿನದನ್ನು ಮಾತ್ರ ಒತ್ತುತ್ತಾರೆ. ಆಗ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ನಿಜವಾಗಿ ನಿಲ್ಲಿಸುವ ಬಲ ಮುಂದಿನದರಲ್ಲೇ ಜಾಸ್ತಿ. ಮೆಲ್ಲಗೆ, ಎರಡನ್ನೂ ಒಟ್ಟಿಗೆ ಹಿಡಿಯುವುದನ್ನು ಮನೆ ಹತ್ತಿರದ ಯಾವುದಾದರೂ ಸಣ್ಣ ಇಳಿಜಾರಿನಲ್ಲಿ ಮೊದಲೇ ಅಭ್ಯಾಸ ಮಾಡಿಸಿ.

ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು, ತಿರುವಿನೊಳಗೆ ಅಲ್ಲ. ತಿರುವಿನಲ್ಲಿ ಬೆಲ್ ಹೊಡೆಯಿರಿ, ಎಡಕ್ಕೇ ಇರಿ. ಒಳಗಿನ ಪೆಡಲ್ ಮೇಲಿರಲಿ, ಇಲ್ಲದಿದ್ದರೆ ಬಾಗಿದಾಗ ನೆಲಕ್ಕೆ ತಾಗುತ್ತದೆ. ನೆರಳಿರುವ ಕಡೆ ಸಿಲ್ವರ್ ಓಕ್ ಎಲೆ ರಸ್ತೆಯ ಅಂಚಿಗೆ ಗುಡ್ಡೆ ಬಿದ್ದಿರುತ್ತದೆ. ಇಬ್ಬನಿಗೆ ಒದ್ದೆಯಾಗಿದ್ದರೆ ಅದರ ಮೇಲೆ ಬ್ರೇಕ್ ಹಿಡಿಯಬಾರದು, ನೇರವಾಗಿ ದಾಟಿಬಿಡಬೇಕು.

ಹಿಂದಿನಿಂದ ಜೀಪಿನ ಸದ್ದು ಕೇಳಿದರೆ ಕೊನೆಯವರು "ಗಾಡಿ!" ಅಂತ ಕೂಗಲಿ. ರಸ್ತೆ ನೇರ ಇರುವ ಕಡೆ ಎಡಕ್ಕೆ ಸರಿದು, ಕಾಲು ಕೆಳಗಿಟ್ಟು ನಿಂತು, ಗಾಡಿ ಹೋದ ಮೇಲೆ ಹೊರಡಿ. ತಿರುವಿನಲ್ಲಿ ಮಾತ್ರ ನಿಲ್ಲಬೇಡಿ. ಹೀಗೆ ನಿಂತು ನಿಂತು ಹೋದರೂ ನಲವತ್ತು ಐವತ್ತು ನಿಮಿಷದಲ್ಲಿ ಜಲಪಾತದ ಗೇಟು ಸಿಗುತ್ತದೆ.

ತೋಟದ ಮನೆಗಳ ಹತ್ತಿರ ನಾಯಿ ಅಟ್ಟಿಸಿಕೊಂಡು ಬರುವುದುಂಟು. ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ಹೋಗಬೇಡಿ, ಓಡುವುದನ್ನು ಕಂಡರೇ ಅವಕ್ಕೆ ಉಮೇದು. ಇಳಿದು, ನಾಯಿಗೂ ನಿಮಗೂ ನಡುವೆ ಸೈಕಲ್ ಇಟ್ಟುಕೊಂಡು ಮೆಲ್ಲಗೆ ನಡೆದರೆ ಸುಮ್ಮನಾಗುತ್ತವೆ.

ರಸ್ತೆಯ ಎರಡೂ ಬದಿ ಯಾರದೋ ತೋಟ ಅನ್ನುವುದು ನೆನಪಿರಲಿ. ಕಾಫಿ ಹಣ್ಣು, ಕರಿಮೆಣಸು, ಕಿತ್ತಳೆ ಯಾವುದನ್ನೂ ಕೀಳಬಾರದು. ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕು ಅಂದರೆ ಕೆಲಸ ಮಾಡುತ್ತಿರುವವರನ್ನು ಕೇಳಿ. "ಅಕ್ಕಾ, ಮಕ್ಕಳಿಗೆ ಒಂಚೂರು ತೋರಿಸ್ತೀರಾ?" ಅಂದರೆ ಹೆಚ್ಚಿನವರು ಖುಷಿಯಿಂದ ಒಂದು ಹಣ್ಣು ಹಿಸುಕಿ ಒಳಗಿನ ಎರಡು ಬೀಜ ಅಂಗೈಗೆ ಹಾಕುತ್ತಾರೆ. ಬೀಜ ಲೋಳೆಲೋಳೆಯಾಗಿ ಜಾರುತ್ತದೆ, ಬಾಯಿಗೆ ಹಾಕಿಕೊಂಡರೆ ಸಿಹಿ. ಕಾಫಿ ಇಷ್ಟು ಸಿಹಿಯಾ ಅಂತ ಮಕ್ಕಳು ನಂಬುವುದೇ ಇಲ್ಲ.

ಜಲಪಾತದಲ್ಲಿ

ಗೇಟು ತೆರೆಯುವ ಹೊತ್ತನ್ನು ಹಿಂದಿನ ದಿನ ಮಡಿಕೇರಿಯಲ್ಲಿ ಕೇಳಿಟ್ಟುಕೊಳ್ಳಿ. ಪಾರ್ಕಿಂಗ್ ಹತ್ತಿರದ ಅಂಗಡಿಯವರನ್ನು ಕೇಳಿ, ಅವರ ಕಣ್ಣಿಗೆ ಬೀಳುವ ಕಡೆ ಸೈಕಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಚೈನ್ ಹಾಕಿ ಬೀಗ ಹಾಕಿ. ಬರುವಾಗ ಅವರ ಹತ್ತಿರವೇ ಟೀ ಕುಡಿದರೆ ಅವರಿಗೂ ಸಮಾಧಾನ. ಡಿಸ್ಕ್ ಬ್ರೇಕಿನ ತಟ್ಟೆಯನ್ನು ಆಗ ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳಿ. ಇಳಿದು ಬಂದ ಕೂಡಲೇ ಅದು ಕೈ ಸುಡುವಷ್ಟು ಕಾದಿರುತ್ತದೆ.

ಮುಂದಿನದು ಕಾಲುದಾರಿ. ಕಾಫಿ ತೋಟದ ನಡುವೆ ಮೆಟ್ಟಿಲು ಇಳಿದು ಹೋಗಬೇಕು. ಪಕ್ಕದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ನೀರು ಕಾಣುವ ಮೊದಲೇ ಸದ್ದು ಕೇಳುತ್ತದೆ, ಆಮೇಲೆ ಒಂದು ತಿರುವಿನಲ್ಲಿ ಮರಗಳ ನಡುವೆ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಸುಮಾರು 70 ಅಡಿ ಎತ್ತರದಿಂದ ಬಂಡೆಯಿಂದ ಬಂಡೆಗೆ ಬಡಿದುಕೊಂಡು ಬೀಳುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರಿನಲ್ಲಿ ಎದುರು ನಿಂತರೆ ಕನ್ನಡಕದ ಮೇಲೆ ತುಂತುರು ಕೂರುತ್ತದೆ. ಬ್ರಿಟಿಷರ ಕಾಲದಲ್ಲಿ ಇದಕ್ಕೆ ಜೆಸ್ಸಿ ಫಾಲ್ಸ್ ಅಂತ ಹೆಸರಿತ್ತು. ಇಲ್ಲಿ ಬೀಳುವ ನೀರು ಕೊನೆಗೆ ಕಾವೇರಿ ಸೇರುತ್ತದೆ. ಮೈಸೂರಿನಿಂದ ಬಂದ ಮಕ್ಕಳಿಗೆ, ನೀವು ಮನೆಯಲ್ಲಿ ಕುಡಿಯುವ ನೀರಿನಲ್ಲಿ ಇದರದ್ದೂ ಒಂದು ಪಾಲಿದೆ ಅಂತ ಹೇಳಿ ನೋಡಿ.

ನೀರಿಗೆ ಇಳಿಯುವ ಹಾಗಿಲ್ಲ. ಬಂಡೆ ಜಾರುತ್ತದೆ, ಸೆಳೆತ ಇರುತ್ತದೆ, ಇಲ್ಲಿ ಜೀವ ಹೋದದ್ದೂ ಉಂಟು. ಎದುರಿನ ತೂಗುಸೇತುವೆಗೆ ಬಿಡುತ್ತಿಲ್ಲ ಅಂದರೆ ಕಾವಲಿನವರ ಜೊತೆ ವಾದ ಬೇಡ. ನೀರನ್ನು ಕುಡಿಯಲೂ ಬೇಡಿ. ಮೇಲೆ ಊರಿದೆ, ತೋಟಗಳಿವೆ, ಎಲ್ಲ ಕಡೆಯ ನೀರೂ ಇದಕ್ಕೆ ಬಂದು ಸೇರುತ್ತದೆ.

ಇಲ್ಲಿ ಒಂದು ಗಂಟೆ ಸಾಕು. ಮೆಟ್ಟಿಲು ಇಳಿದಷ್ಟೇ ಹತ್ತಿ ಬರಬೇಕು. ತೊಡೆ ಅಲ್ಲೇ ಅರ್ಧ ಸೋತಿರುತ್ತದೆ. ಅದಕ್ಕೇ ತಿನ್ನುವುದನ್ನು ಕೆಳಗೆ ಜಲಪಾತದ ಎದುರಲ್ಲ, ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲೆ ಇಟ್ಟುಕೊಳ್ಳಿ. ಒಟ್ಟಿ, ಬಾಳೆಹಣ್ಣು ತಿಂದು ಅರ್ಧ ಗಂಟೆ ಕೂತು ಹೊರಟರೆ ಏರಿಗೆ ಬಲ ಬರುತ್ತದೆ. ಗೇಟಿನ ಹತ್ತಿರದ ಚುರುಮುರಿ, ಉಪ್ಪುಖಾರ ಹಾಕಿದ ಅನಾನಸ್ಸಿಗೆ ಮಕ್ಕಳು ಹಟ ಮಾಡುತ್ತಾರೆ. ಒಂದು ಪ್ಲೇಟು ತಗೊಂಡು ಎಲ್ಲರೂ ಹಂಚಿಕೊಳ್ಳಿ, ಹೊಟ್ಟೆ ತುಂಬ ಬೇಡ.

ವಾಪಸ್ ಏರು

ಹನ್ನೊಂದರ ಆಸುಪಾಸಿಗೆ ಹೊರಡಿ. ಮನೆಮಂದಿಯ ವೇಗ ಇಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಅಂತ ಹಿಡಿಯಿರಿ, ತಳ್ಳಿಕೊಂಡು ನಡೆಯುವುದೂ ಸೇರಿ. ಅಂದರೆ ಎರಡು ಗಂಟೆ. ಒಂದು ಗಂಟೆ ಹೊತ್ತಿಗೆ ಊಟಕ್ಕೆ ಮಡಿಕೇರಿಯಲ್ಲಿರುತ್ತೀರಿ. ತಡವಾದರೂ ಬೆಳಕಿಗೆ ಇನ್ನೂ ಬೇಕಾದಷ್ಟು ಹೊತ್ತು ಇರುತ್ತದೆ. ಮಧ್ಯಾಹ್ನ ಮೂರಕ್ಕೆ ಹೊರಟರೆ ಈ ಸಮಾಧಾನ ಇರುವುದಿಲ್ಲ. ಗುಡ್ಡದ ಮರೆಗೆ ಸೂರ್ಯ ಬೇಗ ಹೋಗುತ್ತಾನೆ, ಮಂಜೂ ಇಳಿಯುತ್ತದೆ.

ಈಗ ಸಾಲು ಬದಲಾಯಿಸಿ. ಏರಿನಲ್ಲಿ ಎಲ್ಲರಿಗಿಂತ ನಿಧಾನ ಇರುವವರು ಮುಂದೆ. ಅವರ ವೇಗವೇ ಎಲ್ಲರ ವೇಗ. ಜೋರು ಇರುವವರನ್ನು ಮುಂದೆ ಬಿಟ್ಟರೆ ಅವರು ಹೋಗಿ ತಿರುವಿನಲ್ಲಿ ಕಾಯುತ್ತಾರೆ, ಹಿಂದಿನವರು ತಲುಪಿದ ಕೂಡಲೇ "ಹೋಗೋಣ್ವಾ" ಅಂತಾರೆ. ಕಾದವರಿಗೆ ವಿಶ್ರಾಂತಿ ಆಗಿರುತ್ತದೆ, ತಲುಪಿದವರಿಗೆ ಇಲ್ಲ. ಜಗಳ ಶುರುವಾಗುವುದೇ ಇಲ್ಲಿ.

ಗೇರನ್ನು ಏರು ಬರುವ ಮೊದಲೇ ಇಳಿಸಿ. ಮುಂದೆ ಚಿಕ್ಕ ಹಲ್ಲಿನ ಚಕ್ರ, ಹಿಂದೆ ದೊಡ್ಡದು. ಏರಿನ ನಡುವೆ ಪೆಡಲ್ ಮೇಲೆ ಪೂರ್ತಿ ಭಾರ ಹಾಕಿ ಗೇರ್ ಬದಲಾಯಿಸಿದರೆ ಚೈನು ಕರಕರ ಅಂದು ಕಳಚಿಕೊಳ್ಳುತ್ತದೆ. ಎದ್ದು ನಿಂತು ತುಳಿಯುವುದು ಬೇಡ, ಕೂತು ಸಣ್ಣ ಗೇರಿನಲ್ಲಿ ಬೇಗ ಬೇಗ ಕಾಲು ತಿರುಗಿಸಿ. ಮಾತಾಡಲು ಆಗದಷ್ಟು ಏದುಸಿರು ಬಂದರೆ ಇಳಿದುಬಿಡಿ. ಹತ್ತು ನಿಮಿಷ ತುಳಿದು ಎರಡು ನಿಮಿಷ ನಿಲ್ಲುವುದು ಮಕ್ಕಳಿಗೆ ಒಗ್ಗುತ್ತದೆ. ತಳ್ಳಿಕೊಂಡು ನಡೆಯುವಾಗ ರಸ್ತೆಯ ಕಡೆ ಸೈಕಲ್ಲು, ಅಂಚಿನ ಕಡೆ ಮಗು.

"ಅಪ್ಪಾ, ಇನ್ನೆಷ್ಟು ದೂರ?" ಅಂತ ಕೇಳಿದಾಗ ಸುಳ್ಳು ಹೇಳಬೇಡಿ. ದಾರಿಯಲ್ಲಿ ಸಿಕ್ಕವರನ್ನೂ ಕೇಳಬೇಡಿ. ನಮ್ಮ ಕಡೆಯವರು "ಇಲ್ಲೇ, ಮೇಲೆ" ಅಂದರೆ ಅದು ಮೂರು ಕಿಲೋಮೀಟರ್ ಇರಬಹುದು. ಅದರ ಬದಲು ಮುಂದಿನ ತಿರುವಿನವರೆಗೆ, ಆ ದೊಡ್ಡ ಮರದವರೆಗೆ ಅಂತ ತುಂಡು ತುಂಡು ಮಾಡಿ. ಎತ್ತಿಟ್ಟ ಬಾಟಲಿ ಈಗ ಹೊರಗೆ ಬರಲಿ, ಕಿತ್ತಳೆಯೂ.

ಅರ್ಧ ದಾರಿಯಲ್ಲಿ ಮಗು ಆಗುವುದೇ ಇಲ್ಲ ಅಂದರೆ ಬಲವಂತ ಬೇಡ. ಹಿಂದಿನ ದಿನ ಮಾತಾಡಿಟ್ಟ ಆಟೋದವರಿಗೆ ಫೋನ್ ಮಾಡಿ. ಕಣಿವೆಯೊಳಗೆ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಸಿಕ್ಕ ಕಡೆಯೇ ಮಾತು ಮುಗಿಸಿ.

ಏನಾದರೂ ಆದರೆ

ಪಂಕ್ಚರ್ ಆದರೆ ಇಳಿಜಾರಿನಲ್ಲಿ ಕೂತು ಪ್ಯಾಚ್ ಹಾಕುತ್ತಾ ಹೊತ್ತು ಕಳೆಯಬೇಡಿ. ರಸ್ತೆ ಬಿಟ್ಟು ಒಳಗೆ ಸರಿದು ಟ್ಯೂಬ್ ಬದಲಾಯಿಸಿ. ಹೊಸದು ಹಾಕುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ. ಚುಚ್ಚಿದ ಮುಳ್ಳು ಅಲ್ಲೇ ಇದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬೆರಳಿಗೆ ಅಲ್ಲ. ಬಿದ್ದು ತಲೆಗೆ ಏಟಾಗಿದ್ದರೆ, ಹೊರಗೆ ಗಾಯ ಕಾಣದಿದ್ದರೂ, ಸೈಕಲ್ ಸವಾರಿ ಅಲ್ಲಿಗೆ ಮುಗಿಯಿತು. ಆಂಬುಲೆನ್ಸಿಗೆ 108, ಬೇರೆ ತುರ್ತಿಗೆ 112. ಜಿಲ್ಲಾ ಆಸ್ಪತ್ರೆ ಮಡಿಕೇರಿಯಲ್ಲೇ ಇದೆ. ಏಟು ಬಿದ್ದ ಹೆಲ್ಮೆಟ್ ಮತ್ತೆ ಬಳಸಬೇಡಿ, ಒಳಗೆ ಬಿರುಕು ಬಿಟ್ಟಿರಬಹುದು.

ಬೇರೆ ಜಲಪಾತಗಳು

ಅಬ್ಬಿ ನೋಡಿಯಾಗಿದೆ, ಬೇರೆ ಬೇಕು ಅನ್ನುವವರಿಗೆ ದಕ್ಷಿಣ ಕೊಡಗಿನಲ್ಲಿ ಇರ್ಪು ಇದೆ. ಬ್ರಹ್ಮಗಿರಿಯ ಬುಡದಲ್ಲಿ, ಲಕ್ಷ್ಮಣತೀರ್ಥ ನದಿಯದ್ದು. ಕೆಳಗೆ ರಾಮೇಶ್ವರ ದೇವಸ್ಥಾನ, ದಾರಿಯಲ್ಲಿ ಗದ್ದೆಗಳು. ಆದರೆ ನಾಗರಹೊಳೆ ಕಾಡು ಹತ್ತಿರ, ಆನೆ ಓಡಾಡುವ ಜಾಗ. ಆ ಬೆಳಿಗ್ಗೆ ಆನೆ ಎಲ್ಲಿದೆ ಅಂತ ಊರವರನ್ನು ಕೇಳದೆ ಸೈಕಲ್ ಇಳಿಸಬೇಡಿ, ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ ಹೋಗಲೇಬೇಡಿ. ಸೋಮವಾರಪೇಟೆ ಕಡೆಯ ಮಲ್ಲಳ್ಳಿ, ಪುಷ್ಪಗಿರಿಯ ಮಡಿಲಲ್ಲಿ ಕುಮಾರಧಾರಾ ಧುಮುಕುವ ಜಾಗ, ನೋಡಲು ಅಬ್ಬಿಗಿಂತ ದೊಡ್ಡದು. ಕೊನೆಯ ಇಳಿಜಾರು ಕಡಿದು, ಚಿಕ್ಕ ಮಕ್ಕಳಿಗೆ ಸೈಕಲ್ ಬೇಡ.

ಮನೆಗೆ ಬಂದ ಮೇಲೆ

ಸೈಕಲ್ಲನ್ನು ಹಾಗೇ ಶೆಡ್ಡಿಗೆ ತಳ್ಳಬೇಡಿ. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಶೂ ಸವೆದು, ರಸ್ತೆಯ ಮಣ್ಣು ಸೇರಿ, ರಿಮ್ಮಿನ ಮೇಲೆ ಕಪ್ಪು ಅಂಟು ಕೂತಿರುತ್ತದೆ. ಅದು ಒಣಗಿದರೆ ಮುಂದಿನ ಸಲ ರಿಮ್ಮನ್ನು ಉಜ್ಜುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಲೂ ಒರೆಸಿ. ಚೈನಿಗೆ ಪೈಪಿನ ಜೋರು ನೀರು ಹಿಡಿಯಬೇಡಿ. ಬ್ರಷ್ಷಿನಲ್ಲಿ ಮಣ್ಣು ತೆಗೆದು, ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹೆಚ್ಚಿನದನ್ನು ಒರೆಸಿ. ರಿಮ್ಮಿಗೆ, ಡಿಸ್ಕಿಗೆ ಎಣ್ಣೆ ತಾಗಬಾರದು. ಬಳಸಿದ ಟ್ಯೂಬಿನ ಬದಲು ಹೊಸದನ್ನು ಅದೇ ದಿನ ಬ್ಯಾಗಿಗೆ ಹಾಕಿಡಿ.